ಮಣಿಕಟ್ಟಿಗೆ ಮೇಜಿನ ಗಡಿಯಾರ ಕಟ್ಟಿದ ಬಾಬಾ ಸಾಲಾ

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯ ನೈಜೀರಿಯಾ ಸಿನಿಮಾ ಲೇಖನದ ಜೊತೆ ಒಬ್ಬ ಮುದುಕನ ಫೋಟೊ ಇತ್ತು. ಗಾಜಿಲ್ಲದ ಕನ್ನಡಕ, ಮಣಿಕಟ್ಟಿಗೆ ಕಟ್ಟಿದ ಮೇಜಿನ ಗಡಿಯಾರ. ‘ಒಂದೇ ಚಿತ್ರದಿಂದ ಮುಳುಗಿದ ಬಾಬಾ ಸಾಲಾ’ ಎಂದು ಕೆಳಗೆ ಹಾಕಿದ್ದಿರಿ. ಲೇಖನದೊಳಗೆ ಅವರ ಬಗ್ಗೆ ಒಂದು ಸಾಲೂ ಇಲ್ಲ. ಚಿತ್ರ ಸೋತಿತೇ? ಅಲ್ಲಿ ಸಿನಿಮಾ ಶುರುವಾದದ್ದೇ 1992ರಲ್ಲಿ ಎನ್ನುತ್ತೀರಿ, ಹಾಗಾದರೆ ಇವರು ಚಿತ್ರ ತೆಗೆದದ್ದು ಯಾವಾಗ? ನಮ್ಮ ತಂದೆ ಟೂರಿಂಗ್ ಟಾಕೀಸ್ ನಡೆಸುತ್ತಿದ್ದರು. ನಾನು ರೀಲು ಡಬ್ಬಗಳ ನಡುವೆ ಬೆಳೆದವನು, ಬಿಡಿಸಿ ಬರೆಯಿರಿ.”

ಮಾನ್ಯರೇ,

ಮೊದಲು ತಪ್ಪೊಪ್ಪಿಗೆ. 1992 ಎಂದು ಅಚ್ಚು ಹಾಕಿದ್ದು ತಪ್ಪು. ಆ ವರ್ಷ ‘ಲಿವಿಂಗ್ ಇನ್ ಬಾಂಡೇಜ್’ ಎಂಬ ಇಗ್ಬೊ ಭಾಷೆಯ ವಿಡಿಯೊ ಚಿತ್ರ ಕ್ಯಾಸೆಟ್ಟಿನಲ್ಲಿ ಭರ್ಜರಿಯಾಗಿ ಮಾರಾಟವಾಯಿತು. ಇವತ್ತು ನಾಲಿವುಡ್ ಎನ್ನುವ ವ್ಯಾಪಾರ ಅಲ್ಲಿಂದ ಬೆಳೆಯಿತು ಎನ್ನುವುದು ಸರಿ. ಆದರೆ ನೈಋತ್ಯ ನೈಜೀರಿಯಾದ ಜನರಾಡುವ ಯೊರುಬಾ ಭಾಷೆಯ ಮೊದಲ ಕಥಾಚಿತ್ರ ‘ಅಜಾನಿ ಓಗುನ್’ 1976ರಲ್ಲೇ ಬಂದಿತ್ತು. ನಿರ್ದೇಶಿಸಿದವರು ಪ್ಯಾರಿಸ್‌ನಲ್ಲಿ ಸಿನಿಮಾ ಕಲಿತು ಬಂದ ಓಲಾ ಬಾಲೊಗುನ್. ನಾಟಕ ಕಂಪನಿಯ ಹಿರಿಯ ಯಜಮಾನ ಹ್ಯೂಬರ್ಟ್ ಓಗುಂಡೆ ತಮ್ಮ ‘ಅಯೆ’ ನಾಟಕವನ್ನು ಚಿತ್ರವಾಗಿಸಿದ್ದು 1979ರಲ್ಲಿ. ಹಾಸ್ಯನಟ ಬಾಬಾ ಸಾಲಾ ಬಂದದ್ದು ಅವರ ಬೆನ್ನಿಗೇ.

ಅವರ ನಿಜವಾದ ಹೆಸರು ಮೋಸೆಸ್ ಓಲಾಯಾ ಅಡೆಜುಮೊ. ಹುಟ್ಟಿದ್ದು 1936ರಲ್ಲಿ, ನೈಋತ್ಯ ನೈಜೀರಿಯಾದ ಇಲೆಶಾದಲ್ಲಿ. ಶುರು ಮಾಡಿದ್ದು ನಟನೆಯಿಂದಲ್ಲ, ಸಂಗೀತದಿಂದ. ‘ಫೆಡರಲ್ ರಿದಮ್ ಡ್ಯಾಂಡೀಸ್’ ಎಂಬ ಹೈಲೈಫ್ (ಪಶ್ಚಿಮ ಆಫ್ರಿಕದ ಕುಣಿತದ ಸಂಗೀತ) ವಾದ್ಯತಂಡ ಅವರದು. ಮುಂದೆ ಜುಜು ಎಂಬ ಜನಪ್ರಿಯ ಯೊರುಬಾ ಸಂಗೀತದ ದೊರೆ ಎನಿಸಿಕೊಂಡ ಕಿಂಗ್ ಸನಿ ಅಡೆ, 1967ರಲ್ಲಿ ಸ್ವಂತ ತಂಡ ಕಟ್ಟುವ ಮೊದಲು ಗಿಟಾರ್ ಹಿಡಿದು ನಿಂತದ್ದು ಈ ತಂಡದಲ್ಲಿ. ಆಮೇಲೆ ಓಲಾಯಾ ವಾದ್ಯ ಬಿಟ್ಟು ನಾಟಕಕ್ಕೆ ಇಳಿದು ‘ಅಲಾವಾಡಾ’ ಕಂಪನಿ ಕಟ್ಟಿದರು. ಅಲಾವಾಡಾ ಎಂದರೆ ನಗಿಸುವವರು, ಪರಿಹಾಸ್ಯದವರು.

ಅದರಲ್ಲೇನು ಹೊಸತು ಎಂದು ಕೇಳಬಹುದು. ಯೊರುಬಾ ಸಂಚಾರಿ ನಾಟಕ ಹುಟ್ಟಿದ್ದು ಚರ್ಚಿನ ಹಾಡು-ನಾಟಕದಿಂದ. ಓಗುಂಡೆ 1944ರಲ್ಲಿ ಲಾಗೋಸ್‌ನ ಗ್ಲೋವರ್ ಹಾಲ್‌ನಲ್ಲಿ ಆಡಿಸಿದ ಮೊದಲ ಆಟ ಬೈಬಲ್ ಕಥೆಯದು. ಮೊದಲಿಗೆ ಹಾಡು-ಕುಣಿತದ ಪ್ರವೇಶ, ನಡುವೆ ನೀತಿಯೋ ಪುರಾಣವೋ ರಾಜಕೀಯವೋ, ಕೊನೆಗೆ ಮತ್ತೆ ಹಾಡು: ಇದು ಕಟ್ಟಳೆ. ನಗೆ ಇರುತ್ತಿತ್ತು, ಆದರೆ ಊಟಕ್ಕೆ ಉಪ್ಪಿನಕಾಯಿ ಇದ್ದಷ್ಟು. ಓಲಾಯಾ ಆ ಉಪ್ಪಿನಕಾಯಿಯನ್ನೇ ಊಟ ಮಾಡಿದರು. ಇಡೀ ಆಟ ಹಾಸ್ಯ, ಎಲ್ಲ ಆಟದಲ್ಲೂ ಒಬ್ಬನೇ ನಾಯಕ: ಜಿಪುಣ, ಹೆಣ್ಣುಬಾಕ, ಬುದ್ಧಿವಂತನೆಂದುಕೊಂಡು ಪ್ರತಿಸಲವೂ ಮೋಸಹೋಗುವ ಮುದುಕ ಬಾಬಾ ಸಾಲಾ. ಇಬಾದಾನ್‌ನಲ್ಲಿ 1959ರ ಅಕ್ಟೋಬರ್ 31ರಂದು ಪ್ರಸಾರ ಆರಂಭಿಸಿದ್ದ ಪಶ್ಚಿಮ ನೈಜೀರಿಯಾ ಟೆಲಿವಿಷನ್ ಈ ಮುದುಕನನ್ನು ಮನೆಮನೆಗೆ ತಲುಪಿಸಿತು.

ಈಗ ಆ ಗಡಿಯಾರ. ಫೋಟೊ ಮತ್ತೊಮ್ಮೆ ನೋಡಿ. ಎದೆಗಿಂತ ಅಗಲವಾದ ಬೋ ಟೈ, ತೇಪೆಯ ಪ್ಯಾಂಟು, ಬರೀ ಚೌಕಟ್ಟಿನ ಕನ್ನಡಕ, ಕೈಗಡಿಯಾರದ ಜಾಗದಲ್ಲಿ ಅಲಾರಂ ಗಡಿಯಾರ. ಒಂದೊಂದೂ ದೊಡ್ಡ ಮನುಷ್ಯನ ಲಕ್ಷಣವೇ. ಸಾಹೇಬನಿಗೆ ಟೈ ಇರುತ್ತದೆ, ಓದಿದವನಿಗೆ ಕನ್ನಡಕ, ಕಚೇರಿಯವನಿಗೆ ವಾಚು. ಮುದುಕ ಎಲ್ಲವನ್ನೂ ಹಾಕಿಕೊಂಡಿದ್ದಾನೆ, ಒಂದೂ ಕೆಲಸಕ್ಕೆ ಬರುವುದಿಲ್ಲ. ಇದರ ಹಿಂದೆ ರಂಗದ ಲೆಕ್ಕಾಚಾರವೂ ಇದೆ. ಶಾಲೆಯ ಹಾಲ್‌ನಲ್ಲಿ ಮಂದ ಬೆಳಕಿನಲ್ಲಿ ಆಡುವಾಗ ಹಿಂದಿನ ಸಾಲಿಗೆ ಕೈಗಡಿಯಾರ ಕಾಣುವುದಿಲ್ಲ, ಮೇಜಿನ ಗಡಿಯಾರ ಕಾಣುತ್ತದೆ. ಮಾತು ಶುರುವಾಗುವ ಮೊದಲೇ ನಗು ಬಂದಿರುತ್ತದೆ.

ಅವರು ಆಡಿದ್ದು ಇಜೆಶಾ ಸೀಮೆಯ, ಅಂದರೆ ಇಲೆಶಾ ಸುತ್ತಲಿನ ಯೊರುಬಾ. ಇಜೆಶಾದ ಬಟ್ಟೆ ವ್ಯಾಪಾರಿಗಳಿಗೆ ಯೊರುಬಾ ನಾಡಿನಲ್ಲಿ ‘ಓಶೋಮಾಲೊ’ ಎಂಬ ಅಡ್ಡಹೆಸರಿದೆ. ಊರೂರಿಗೆ ಹೋಗಿ ಬಟ್ಟೆ ಸಾಲ ಕೊಟ್ಟು, ವಸೂಲಿಯ ದಿನ ಸಾಲಗಾರನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, “ನನ್ನ ದುಡ್ಡು ಕೈಗೆ ಬರುವ ತನಕ ಹೀಗೇ ಕೂತಿರುತ್ತೇನೆ” ಎನ್ನುತ್ತಿದ್ದರಂತೆ. ಆ ಮಾತೇ ಹೆಸರಾಗಿದೆ. ಆ ಸೀಮೆಯ ನುಡಿಯಲ್ಲಿ ಜಿಪುಣ ಮುದುಕ ಬಾಯಿ ತೆರೆದರೆ ಯೊರುಬಾ ಪ್ರೇಕ್ಷಕರಿಗೆ ಬೇರೆ ಪರಿಚಯ ಬೇಕಿರಲಿಲ್ಲ ಎಂದು ನಮಗನ್ನಿಸುತ್ತದೆ. ಯೊರುಬಾದಲ್ಲಿ ಸ್ವರದ ಏರಿಳಿತವೇ ಅರ್ಥ. ‘ಓಕೊ’ ಎಂಬುದನ್ನು ಸಮನಾಗಿ ಹೇಳಿದರೆ ಗಂಡ, ಕೊನೆಯಲ್ಲಿ ಏರಿಸಿದರೆ ಗುದ್ದಲಿ, ಇಳಿಸಿದರೆ ವಾಹನ. ಕಿವಿಯಲ್ಲಿ ಹುಟ್ಟುವ ಇಂಥ ನಗೆ ಅಡಿಬರಹದಲ್ಲಿ ಅರ್ಧಕ್ಕರ್ಧ ಸೋರಿಹೋಗುತ್ತದೆ. ಯೊರುಬಾ ನಾಡಿನಾಚೆ ಅವರ ಹೆಸರು ಅಷ್ಟಾಗಿ ದಾಟದಿರಲು ಇದೂ ಒಂದು ಕಾರಣ.

ಇನ್ನು ಚಿತ್ರ. ‘ಓರುನ್ ಮೋರು’ 1982ರದು, ನಿರ್ದೇಶನ ಓಲಾ ಬಾಲೊಗುನ್ ಅವರದೇ. ‘ಸ್ವರ್ಗ ಬಿಸಿಯಾಗಿದೆ’ ಎಂಬರ್ಥದ ಹೆಸರು. ಮೋಸಹೋಗಿ ಎಲ್ಲ ಕಳೆದುಕೊಂಡವನೊಬ್ಬ ಸಾಯಹೊರಟು ಪರಲೋಕ ಕಂಡುಬರುವ ಕಥೆ. ಚಿತ್ರ ಸೋಲಲಿಲ್ಲ, ಜನ ಮುಗಿಬಿದ್ದು ನೋಡಿದರು. ಆದರೆ ಅವರು ನೋಡಿದ ದುಡ್ಡು ಓಲಾಯಾ ಅವರ ಕೈಗೆ ಬರಲಿಲ್ಲ.

ಇದು ಅರ್ಥವಾಗಬೇಕಾದರೆ ಆ ಕಾಲದಲ್ಲಿ ಯೊರುಬಾ ಚಿತ್ರದ ದುಡ್ಡು ಹೇಗೆ ವಾಪಸಾಗುತ್ತಿತ್ತು ಎಂದು ತಿಳಿಯಬೇಕು. ಟಾಕೀಸುಗಳ ಹಂಚಿಕೆ ಬಹುಮಟ್ಟಿಗೆ ಲೆಬನಾನ್ ಮತ್ತು ಭಾರತ ಮೂಲದ ವ್ಯಾಪಾರಿಗಳ ಕೈಯಲ್ಲಿತ್ತು. ಅವರಿಗೆ ಹಾಲಿವುಡ್, ಹಿಂದಿ, ಹಾಂಗ್‌ಕಾಂಗ್ ಚಿತ್ರಗಳು ಅಗ್ಗಕ್ಕೆ ಸಿಗುತ್ತಿದ್ದವು, ಯೊರುಬಾ ಚಿತ್ರಕ್ಕೆ ಪರದೆ ಬಿಟ್ಟುಕೊಡುವ ತುರ್ತು ಇರಲಿಲ್ಲ. ಹಾಗಾಗಿ ನಿರ್ಮಾಪಕ ನಾಟಕದ ದಾರಿಯನ್ನೇ ಹಿಡಿದ. ಹಾಲ್ ಬಾಡಿಗೆಗೆ ಹಿಡಿಯುವುದು, ವ್ಯಾನಿಗೆ ಧ್ವನಿವರ್ಧಕ ಕಟ್ಟಿ ಊರು ಸುತ್ತುವುದು, ಪ್ರೊಜೆಕ್ಟರ್ ತಾನೇ ಹೊತ್ತೊಯ್ಯುವುದು, ಬಾಗಿಲಲ್ಲಿ ತನ್ನವರನ್ನೇ ನಿಲ್ಲಿಸಿ ಟಿಕೆಟ್ ಹರಿಯುವುದು. ಇದು ನಿಮ್ಮ ತಂದೆಯವರ ಕೆಲಸವೇ, ಆದರೆ ಚಿತ್ರವೂ ತನ್ನದೇ, ಸಾಲವೂ ತನ್ನದೇ.

ಇಂಥ ಚಿತ್ರಗಳಲ್ಲಿ ಅನೇಕವು 16 ಎಂ.ಎಂ. ಅಗಲದ ಫಿಲ್ಮಿನಲ್ಲಿ ತಯಾರಾದವು. ನಿಮಿಷಕ್ಕೆ 36 ಅಡಿಯಂತೆ 100 ನಿಮಿಷದ ಚಿತ್ರಕ್ಕೆ 3,600 ಅಡಿ. ತೆರೆಗೆ ಬರುವ ಪ್ರತಿ ಅಡಿಗೆ ಐದು ಅಡಿ ಚಿತ್ರೀಕರಿಸಿದರೆ 18,000 ಅಡಿ, ಅಂದರೆ 400 ಅಡಿಯ 45 ಡಬ್ಬ. ಬರೆದ ಸಂಭಾಷಣೆಯಿಲ್ಲದೆ ಕಟ್ಟಿದ ಕಥೆಯ ಮೇಲೆ ಮಾತು ಹೊಸೆಯುವ ನಾಟಕದವರಿಗೆ ಇದು ದುಬಾರಿ ಅಭ್ಯಾಸ. ರಂಗದಲ್ಲಿ ಜನ ನಕ್ಕರೆ ಮಾತು ಬೆಳೆಸಬಹುದು, ಕ್ಯಾಮೆರಾದ ಮುಂದೆ ಮಾತು ಬೆಳೆದಂತೆ ಫಿಲ್ಮ್ ಓಡುತ್ತದೆ. ಸಂಸ್ಕರಣೆಗೆ ಹೆಚ್ಚಾಗಿ ಲಂಡನ್ನಿಗೆ ಕಳಿಸಬೇಕು, ವಿದೇಶಿ ಹಣದಲ್ಲಿ. ಕೆಲವರು ಖರ್ಚು ಉಳಿಸಲು ರಿವರ್ಸಲ್ ಫಿಲ್ಮ್ ಬಳಸಿದರು. ಅದರಲ್ಲಿ ನೆಗೆಟಿವ್ ಇಲ್ಲ, ಕ್ಯಾಮೆರಾದಿಂದ ಬಂದದ್ದೇ ತೆರೆಗೆ ಹೋಗುವ ಪ್ರತಿ. ಪ್ರೊಜೆಕ್ಟರಿನಲ್ಲಿ ಫಿಲ್ಮ್ ಹಾಯುವ ಗೇಟಿನಲ್ಲಿ ಸಿಕ್ಕ ಮರಳಿನ ಕಣ ಗೀರಿದರೆ ಗೀರಿದ್ದೇ, ಹರಿದರೆ ಅಷ್ಟು ದೃಶ್ಯ ಹೋಯಿತು.

ಇಂಥ ವ್ಯಾಪಾರಕ್ಕೆ ಒಂದೇ ಆಧಾರ: ಚಿತ್ರ ಡಬ್ಬದಲ್ಲಿದೆ, ಡಬ್ಬ ಯಜಮಾನನ ಹತ್ತಿರ ಇದೆ, ನೋಡಬೇಕಾದವರು ಅವನ ಬಾಗಿಲಿಗೇ ಬರಬೇಕು. ‘ಓರುನ್ ಮೋರು’ ವಿಷಯದಲ್ಲಿ ಮುರಿದದ್ದು ಇದೇ. ಚಿತ್ರ ಊರೂರು ಸುತ್ತಿ ಸಾಲ ತೀರಿಸುವ ಮೊದಲೇ ಅದರ ವಿಡಿಯೊ ಕ್ಯಾಸೆಟ್ ಮಾರುಕಟ್ಟೆಗೆ ಬಂತು. ಹೀಗೆ ಲೆಕ್ಕ ಹಾಕಿ ನೋಡಿ. ಒಂದು ಮೂಲ ಕ್ಯಾಸೆಟ್, ಅದಕ್ಕೆ ತಂತಿ ಎಳೆದ ಹತ್ತು ರೆಕಾರ್ಡರ್. ಚಿತ್ರ ಒಮ್ಮೆ ಓಡಿದರೆ ಹತ್ತು ಪ್ರತಿ. ಹಗಲೂ ರಾತ್ರಿ ಓಡಿಸಿದರೆ ದಿನಕ್ಕೆ 14 ಸುತ್ತು, 140 ಕ್ಯಾಸೆಟ್. ಒಂದೊಂದು ಕ್ಯಾಸೆಟ್ಟಿನ ಮುಂದೆ ಒಂದು ವಠಾರವೇ ಕೂರುತ್ತದೆ. ಇತ್ತ ರೀಲು ಡಬ್ಬ ಅದೇ ದಿನ ಒಂದೂರಿನ ಒಂದು ಹಾಲ್‌ನಲ್ಲಿದೆ. ಮುಂದಿನ ವಾರ ವ್ಯಾನು ಮತ್ತೊಂದೂರು ಸೇರುವಷ್ಟರಲ್ಲಿ ಅಲ್ಲಿನವರು ಚಿತ್ರ ನೋಡಿ ಮುಗಿಸಿರುತ್ತಾರೆ.

ಕಾನೂನು ಇರಲಿಲ್ಲವೇ? ಇತ್ತು, 1970ರ ಹಕ್ಕುಸ್ವಾಮ್ಯ ಕಾಯ್ದೆ. ಕ್ಯಾಸೆಟ್ ಯುಗಕ್ಕೆ ಅದು ಸಾಲುವಂತಿರಲಿಲ್ಲ. ಹೊಸ ಕಾಯ್ದೆ ಬಂದದ್ದು 1988ರಲ್ಲಿ, ಚಿತ್ರ ಬಂದು ಆರು ವರ್ಷದ ಮೇಲೆ. ಓಶೋಮಾಲೊಗಳ ಸೀಮೆಯ ಓಲಾಯಾ ಯಾರ ಬಾಗಿಲಲ್ಲಿ ಹೋಗಿ ಕೂರಬೇಕಿತ್ತು? ಸಾಲಗಾರನ ಮುಖವೇ ಕಾಣುತ್ತಿರಲಿಲ್ಲ. ಬ್ಯಾಂಕಿನ ಸಾಲ ಮಾತ್ರ ಓಲಾಯಾ ಅವರ ಹೆಸರಿನಲ್ಲೇ ಉಳಿಯಿತು. ಅದಕ್ಕೇ ನಮ್ಮ ಫೋಟೊ ಅಡಿಬರಹವೂ ಅರೆಬರೆ. ಅವರನ್ನು ಮುಳುಗಿಸಿದ್ದು ಚಿತ್ರವಲ್ಲ, ಚಿತ್ರದ ಕಳ್ಳಪ್ರತಿ.

ಆದರೂ ಬಿಡಲಿಲ್ಲ. 1983ರಲ್ಲಿ ‘ಆರೇ ಅಗ್ಬಾಯೆ’ ತಂದರು. ಆಮೇಲೆ ‘ಮೊಸೆಬೊಲಾಟಾನ್’, ಅದನ್ನು ನಿರ್ದೇಶಿಸಿದವರು ಇನ್ನೊಬ್ಬ ಜನಪ್ರಿಯ ಯೊರುಬಾ ನಟ ಅಡೆ ಲವ್. ಅಷ್ಟರಲ್ಲಿ ಎರಡನೆಯ ಪೆಟ್ಟು ಬಿತ್ತು. 1985ರಲ್ಲಿ ಡಾಲರಿಗೆ ಒಂದು ನೈರಾ (ನೈಜೀರಿಯಾದ ಹಣ)ಗಿಂತ ಕಡಿಮೆ ಕೊಟ್ಟರೆ ಸಾಕಿತ್ತು. 1986ರ ಸೆಪ್ಟೆಂಬರ್‌ನಲ್ಲಿ ವಿನಿಮಯ ದರ ಸಡಿಲಿಸಿದ ಮೇಲೆ, 1987ರಲ್ಲಿ ಸರಾಸರಿ ನಾಲ್ಕು ನೈರಾ ಬೇಕಾಯಿತು. ಫಿಲ್ಮ್, ಲ್ಯಾಬು, ಪ್ರಿಂಟು ಎಲ್ಲಕ್ಕೂ ವಿದೇಶಿ ಹಣವೇ ಬೇಕು, ಟಿಕೆಟ್ ಮಾತ್ರ ನೈರಾದಲ್ಲಿ. ಕೆಲವೇ ವರ್ಷಗಳಲ್ಲಿ ಯೊರುಬಾ ಕಂಪನಿಗಳು ರೀಲು ಬಿಟ್ಟು ವಿಡಿಯೊ ಕ್ಯಾಮೆರಾ ಹಿಡಿದವು. ಕಳ್ಳರು ತೋಡಿದ ಕಾಲುವೆಯಲ್ಲೇ, ಕ್ಯಾಸೆಟ್ಟಿನಲ್ಲೇ, ಚಿತ್ರಗಳು ನೇರವಾಗಿ ಬಿಡುಗಡೆಯಾಗತೊಡಗಿದವು. ಓಲಾಯಾ ಕೂಡ 1992ರಲ್ಲಿ ‘ಅಗ್ಬಾ ಮ್ಯಾನ್’ ವಿಡಿಯೊದಲ್ಲಿ ಅದೇ ಮುದುಕನಾಗಿ ಬಂದರು. ನಾವು ‘ಆರಂಭ’ ಎಂದು ಬರೆದ ವರ್ಷ ಅದು.

ಸರ್ಕಾರ ಅವರಿಗೆ ‘ಮೆಂಬರ್ ಆಫ್ ದಿ ಆರ್ಡರ್ ಆಫ್ ದಿ ನೈಜರ್’ ಗೌರವ ಕೊಟ್ಟಿತ್ತು. ಮಗ ಎಮ್ಯಾನುಯೆಲ್ ‘ಬೋಯಿಸಾಲಾ’ ಎಂಬ ಹೆಸರಿನಲ್ಲಿ ಹಾಸ್ಯನಟರಾದರು. ಓಲಾಯಾ 2018ರ ಅಕ್ಟೋಬರ್ 7ರಂದು ಹುಟ್ಟೂರು ಇಲೆಶಾದಲ್ಲೇ ತೀರಿಕೊಂಡರು.

ನೋಡುವ ಆಸೆಯಿದ್ದರೆ ಅಂತರ್ಜಾಲದಲ್ಲಿ ಬಾಬಾ ಸಾಲಾ ಎಂದು ಹುಡುಕಿ, ಹಳೆಯ ತುಣುಕುಗಳು ಸಿಗುತ್ತವೆ. ಮೊದಲ ಸಲ ಧ್ವನಿ ನಿಲ್ಲಿಸಿ ನೋಡಿ, ಕೈ, ಕತ್ತು, ಕನ್ನಡಕದ ಚೌಕಟ್ಟಿನ ಮೇಲೆ ನೋಡುವ ಆ ಕಣ್ಣು ಗಮನಿಸಿ. ಎರಡನೆಯ ಸಲ ಧ್ವನಿಯೊಂದಿಗೆ ನೋಡಿ, ಅರ್ಥವಾಗದಿದ್ದರೂ ಏರಿಳಿತ ಕೇಳಿಸುತ್ತದೆ. ಬಣ್ಣ ಅಂಚಿನಾಚೆ ಹರಡಿ, ಪರದೆಯ ತಳದಲ್ಲಿ ಬಿಳಿ ಗೆರೆ ತುಯ್ಯುತ್ತಿದ್ದರೆ ನಿಮ್ಮ ಕಂಪ್ಯೂಟರಿನ ದೋಷವಲ್ಲ. ಅದು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದು ಬಂದ ಎಷ್ಟನೆಯದೋ ಪ್ರತಿ.

— ಸಂಪಾದಕ