ದಿನಕ್ಕೆ ಐವತ್ತು ರೂಪಾಯಿ ಲಾಟರಿ ಆಡಿದರೆ ಯಾರ ಗಂಟು ಹೋಗುತ್ತೆ?

ದಿನಕ್ಕೆ ಐವತ್ತು ರೂಪಾಯಿ ಹಾಕಿದರೆ ಯಾರಿಗೇನು ನಷ್ಟ, ಸರ್ಕಾರ ಲಾಟರಿ ಯಾಕೆ ನಿಲ್ಲಿಸಬೇಕಿತ್ತು ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ.

ನಮ್ಮದು ಗಂಗಾವತಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ಆಗ ಒಂದಂಕಿ ಲಾಟರಿ ಕಾಲ. ಕೊನೆಯ ಅಂಕಿ ಹೊಂದಿದರೆ ದುಡ್ಡು, ದಿನಕ್ಕೆ ಹಲವು ಡ್ರಾ. ಬಂಪರ್ ಟಿಕೆಟ್ ಕೊಂಡವನು ಡ್ರಾ ಆಗುವ ತನಕ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುತ್ತಾನೆ. ಇದರಲ್ಲಿ ಹಾಗಲ್ಲ. ಈಗ ಹೋದದ್ದನ್ನು ಮುಂದಿನ ಡ್ರಾದಲ್ಲಿ ಎತ್ತೋಣ ಅನ್ನಿಸುತ್ತೆ. ಹಗಲೆಲ್ಲ ಚೀಲ ಹೊತ್ತ ಕೂಲಿ ಅಂಗಡಿ ಮುಂದೆಯೇ ಮುಗಿಯುತ್ತಿತ್ತು.

ದುಡ್ಡಿಗಿಂತ ಜಾಸ್ತಿ ಹೋದದ್ದು ಅಪ್ಪನ ಗಮನ. ಕಂಡದ್ದೆಲ್ಲ ಅಂಕಿ ಆಯ್ತು. ಬಸ್ಸಿನ ನಂಬರು, ಕನಸಲ್ಲಿ ಬಂದ ಹಾವು, ಎಲ್ಲವೂ. ಒಮ್ಮೆ ನನಗೆ ಜ್ವರ 103 ಇತ್ತು. ಅವ್ವ ಅದನ್ನು ಹೇಳಿದ ಕೂಡಲೇ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟ. ಔಷಧಿ ತರ್ತಾನೆ ಅಂದುಕೊಂಡೆವು. ಮೂರನೇ ನಂಬರಿನ ಟಿಕೆಟ್ ಹಿಡಿದು ಬಂದ.

2007ರಲ್ಲಿ ರಾಜ್ಯದಲ್ಲಿ ಲಾಟರಿ ಬಂದ್ ಆಯ್ತು. ಅವ್ವ ದುರ್ಗಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಿದಳು. ಆದರೆ ಅಪ್ಪ ಮಟ್ಕಾ ಚೀಟಿ ಬರೆಸಲು ಶುರು ಮಾಡಿದ, ಅದೂ ಅಂಕಿ ಮೇಲೆ ದುಡ್ಡು ಕಟ್ಟುವ ಜೂಜೇ. ನಮ್ಮ ಕಡೆ ಓಸಿ ಅಂತಾರೆ, ಓಪನ್ ಕ್ಲೋಸ್. 00ರಿಂದ 99ರವರೆಗೆ ನೂರು ಜೋಡಿ, ಹೊಂದಿದರೆ ರೂಪಾಯಿಗೆ 80. ಅಂದರೆ ನೂರೂ ಜೋಡಿಗೆ ಒಂದೊಂದು ರೂಪಾಯಿ ಕಟ್ಟಿ ಗೆದ್ದರೂ 20 ರೂಪಾಯಿ ಕೈಬಿಟ್ಟೇ ಮನೆಗೆ ಬರಬೇಕು. ಈ ಲೆಕ್ಕ ಹೇಳಿದರೆ ಅಪ್ಪ ಹೋದ ವಾರ ಗೆದ್ದವನ ಹೆಸರು ಹೇಳುತ್ತಿದ್ದ. ಸೋತವರ ಹೆಸರು ಯಾರೂ ಹೇಳುವುದಿಲ್ಲ ಅಲ್ವಾ?

ಹಾಗಂತ ನಿಷೇಧ ಸುಮ್ನೆ ಅನ್ನಲಾರೆ. ಬಸ್ ಸ್ಟ್ಯಾಂಡ್ ಹತ್ತಿರದ ಟಿಕೆಟ್ ಅಂಗಡಿಗಳು ಹೋದವು. ಶಾಲೆಗೆ ಹೋಗುವ ಹುಡುಗರ ಕಣ್ಣಿಗೆ ಅದು ಬೀಳುವುದು ನಿಂತಿತು. ನನಗೆ ಅದೇ ದೊಡ್ಡದು.

ಯಾರಿಗೆ ನಷ್ಟ ಅಂದಿರಲ್ಲ, ಸಾಲ ಅವ್ವನ ಹೆಸರಲ್ಲಿತ್ತು. ಎಮ್ಮೆ ತರುತ್ತೇನೆ ಅಂತ ಹೆಂಗಸರ ಸಂಘದಲ್ಲಿ ಎತ್ತಿದ್ದು. ಎಮ್ಮೆ ಬರಲೇ ಇಲ್ಲ. ಕಂತು ತಪ್ಪಿದ ವಾರ ಉಳಿದ ಹೆಂಗಸರು ಕೂಲಿ ದುಡ್ಡು ಕೂಡಿಸಿ ಕಟ್ಟಿದರು. ಅವರು ಯಾರೂ ಒಂದು ಟಿಕೆಟ್ ಕೂಡ ಮುಟ್ಟಿದವರಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಇದರಲ್ಲಿದ್ದರೆ, ಅವರ ಸಾಲ ನೀವು ತೀರಿಸುವ ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದೂ ಒಂದು ಕಾಯಿಲೆಯ ಹಾಗೆ ಅಂತ ಆಗ ನಮಗೆ ಯಾರೂ ಹೇಳಿರಲಿಲ್ಲ. ನಾವು ಅಪ್ಪನನ್ನು ಬರೀ ಬೈದೆವು.