ಡಿಗ್ರಿ ಬಿಟ್ಟು ಮುಖಪುಟ ಕಲಾವಿದ ಆಗಬೇಕಾ?

ನಮಸ್ಕಾರ. ಉಡುಪಿಯಲ್ಲಿ ಪ್ರಾಣಿಶಾಸ್ತ್ರದ ಬಿಎಸ್ಸಿ ಓದುತ್ತಿದ್ದೀರಿ. ಫ್ಯಾಂಟಸಿ, ವೈಜ್ಞಾನಿಕ ಕಾದಂಬರಿಗಳಿಗೆ ಮುಖಪುಟ ಬಿಡಿಸುವ ಆಸೆ. ಡಿಗ್ರಿ ಬಿಟ್ಟು ಚಿತ್ರಕಲೆಗೆ ಸೇರಲೇ ಅಂತ ಕೇಳಿದ್ದೀರಿ. ಬಿಡಬೇಡಿ ಮಾರಾಯ್ರೆ!

ಅಮೆರಿಕದ ಮುಖಪುಟ ಕಲಾವಿದ ಮೈಕೆಲ್ ವೀಲನ್ ಅವರನ್ನೇ ನೋಡಿ. 1950ರಲ್ಲಿ ಹುಟ್ಟಿದವರು. ಕಾಲೇಜಿನಲ್ಲಿ ಚಿತ್ರಕಲೆಯ ಜೊತೆ ಜೀವಶಾಸ್ತ್ರವನ್ನೂ ಓದಿದರು. ಅವರ ಡ್ರ್ಯಾಗನ್ ರೆಕ್ಕೆಯಲ್ಲಿ ಮೂಳೆ, ಸ್ನಾಯು ಎಲ್ಲಿ ಕೂರಬೇಕೋ ಅಲ್ಲೇ ಕೂರುತ್ತವೆ. ಅದಕ್ಕೇ ಅದು ನಿಜಕ್ಕೂ ಹಾರುತ್ತದೆ ಅನ್ನಿಸುತ್ತದೆ. 1970ರ ದಶಕದಲ್ಲಿ ಪೇಪರ್‌ಬ್ಯಾಕ್ ಮುಖಪುಟಗಳಿಂದ ಶುರು ಮಾಡಿದರು. ವೈಜ್ಞಾನಿಕ ಕಾದಂಬರಿ, ಫ್ಯಾಂಟಸಿ ಲೋಕದ ದೊಡ್ಡ ಪ್ರಶಸ್ತಿ ಹ್ಯೂಗೊ; ಅದು ಮೊದಲ ಸಲ 1980ರಲ್ಲಿ ಬಂತು, ಆಮೇಲೆ ಹತ್ತಕ್ಕೂ ಜಾಸ್ತಿ. ನಿಮ್ಮ ಪ್ರಯೋಗಾಲಯದ ಡ್ರಾಯಿಂಗ್ ಪುಸ್ತಕ ಅದೇ ದಾರಿಯದ್ದು, ಅಲ್ವಾ?

ಬೇರೆಯವರ ಡ್ರ್ಯಾಗನ್ ನಕಲು ಮಾಡಿದ್ದು ಸಾಕು. ಮಲ್ಪೆ ಬಂದರಿಗೆ ಹೋಗಿ ರೆಕ್ಕೆಯಂಥ ಅಗಲ ಮೈಯ ತೊರಕೆ ಮೀನು ಬಿಡಿಸಿ. ರಾತ್ರಿ ಯಕ್ಷಗಾನ ಬಯಲಾಟದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಕೂತು ನೋಡಿ. ಕಿರೀಟ, ಮುಖದ ಮೇಲೆ ಅಕ್ಕಿ ಹಿಟ್ಟಿನಲ್ಲಿ ಇಡುವ ಚುಕ್ಕೆಗಳ ಚಿಟ್ಟಿ, ಬೆಳಕಿನಲ್ಲಿ ಅದು ಬೆಳೆದು ನಿಲ್ಲುವ ರೀತಿ! ರಾಕ್ಷಸನನ್ನು ಕಟ್ಟುವುದು ಹೇಗೆ ಅಂತ ನಮ್ಮ ಕರಾವಳಿಗಿಂತ ಚೆನ್ನಾಗಿ ಯಾರು ಕಲಿಸುತ್ತಾರೆ?

ಚಿತ್ರ ಚಂದ ಇದ್ದ ಮಾತ್ರಕ್ಕೆ ಮುಖಪುಟ ಆಗುವುದಿಲ್ಲ. ಶೀರ್ಷಿಕೆಗೆ, ಲೇಖಕರ ಹೆಸರಿಗೆ ಮೊದಲೇ ಜಾಗ ಬಿಡಬೇಕು. ಮೊಬೈಲಿನಲ್ಲಿ ಬೆರಳುಗುರಿನಷ್ಟು ಚಿಕ್ಕದು ಮಾಡಿದರೂ ಆಕಾರ ಗೊತ್ತಾಗಬೇಕು.

ಇನ್ನೊಂದು, ಕೆಲಸ ಸಿಕ್ಕ ಖುಷಿಯಲ್ಲಿ ಸುಮ್ನೆ ಸಹಿ ಹಾಕಬೇಡಿ. ಯಾವ ಹಕ್ಕು, ಎಷ್ಟು ವರ್ಷಕ್ಕೆ ಅಂತ ಬರೆಸಿಕೊಳ್ಳಿ. ಅವಧಿ ಬರೆಯದ ಹಕ್ಕು ವರ್ಗಾವಣೆಯನ್ನು ನಮ್ಮ 1957ರ ಕಾಪಿರೈಟ್ ಕಾಯ್ದೆ 5 ವರ್ಷದ್ದು ಅಂತ ಪರಿಗಣಿಸುತ್ತದೆ.

ಡಿಗ್ರಿ ಮುಗಿದ ಮೇಲೂ ಕಲಿಯಬೇಕು ಅನ್ನಿಸಿದರೆ ಮಂಗಳೂರಿನ ಮಹಾಲಸಾ ಚಿತ್ರಕಲಾ ಕಾಲೇಜಿನಲ್ಲಿ ವಿಚಾರಿಸಿ. ಅಷ್ಟರಲ್ಲಿ ಬಿಡಿಸಿದ್ದನ್ನು ಇಲ್ಲಿ ಹಾಕಿ, ಖಂಡಿತ ನೋಡುತ್ತೇನೆ.