ಓದುಗರ ಪ್ರಶ್ನೆ, ನಮ್ಮ ಉತ್ತರ: ಸಾಕ್ಷ್ಯಚಿತ್ರ ನೋಡೋದು ಹೆಂಗ್ರಿ?

ಸಾಕ್ಷ್ಯಚಿತ್ರಗಳ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಸಾಕ್ಷ್ಯಚಿತ್ರ ಅಂದ್ರ ನನಗ ಟಾಕೀಜಿನಾಗ ಸಿನಿಮಾಕ್ಕಿಂತ ಮೊದಲ ತೋರಸ್ತಿದ್ದ ಸರ್ಕಾರಿ ರೀಲ್ ನೆನಪಾಗತೈತಿ. ಯಾವುದು ಪೂರ್ತಿ ನೋಡಬೇಕು, ಯಾವುದು ಬಿಡಬೇಕು ಅಂತ ಮೊದಲ ಹತ್ತು ನಿಮಿಷದಾಗ ತಿಳಕೊಳ್ಳೂದು ಹೆಂಗ್ರಿ? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಟಿವಿಯ ದನಿ ಪೂರ್ತಿ ಇಳಿಸಿ ಐದು ನಿಮಿಷ ನೋಡಿ. ಇವರು ಯಾರು, ಏನು ಮಾಡುತ್ತಿದ್ದಾರೆ, ಮುಂದೇನಾದೀತು ಎಂಬ ಕುತೂಹಲ ಬರೀ ಚಿತ್ರದಿಂದಲೇ ಹುಟ್ಟಿದರೆ ದನಿ ಏರಿಸಿ ಮುಂದುವರಿಯಿರಿ. ದನಿ ಹೋದ ಕೂಡಲೇ ಉಳಿಯುವುದು ಕಟ್ಟಡ, ಸೂರ್ಯಾಸ್ತ, ಡ್ರೋನಿನಿಂದ ಕಂಡ ಊರು, ಮೇಜಿನ ಹಿಂದೆ ಕೂತು ಬಾಯಿ ಆಡಿಸುವ ತಜ್ಞರು ಇಷ್ಟೇ ಆದರೆ, ಅಲ್ಲಿ ಬರೆದ ಭಾಷಣ ಮೊದಲು ಬಂದಿದೆ, ಕ್ಯಾಮೆರಾ ಆಮೇಲೆ ಹೋಗಿದೆ.

ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು ಪಡೆಯುವ ಚಿತ್ರ 2019ರ 'ಹನಿಲ್ಯಾಂಡ್'. ಉತ್ತರ ಮೆಸಿಡೋನಿಯಾದ ಒಂದು ಪಾಳು ಬಿದ್ದ ಹಳ್ಳಿಯಲ್ಲಿ ಹಾಸಿಗೆ ಹಿಡಿದ ತಾಯಿಯೊಂದಿಗಿರುವ ಹೆಣ್ಣುಮಗಳು ಬಂಡೆಯ ಸಂದಿಯಿಂದ ಜೇನು ತೆಗೆಯುತ್ತಾಳೆ. ಅರ್ಧ ತನಗೆ, ಅರ್ಧ ಹುಳುಗಳಿಗೆ. ಪಕ್ಕಕ್ಕೆ ದನಕರು, ಮಕ್ಕಳೊಂದಿಗೆ ಬಂದಿಳಿದ ಕುಟುಂಬ ವ್ಯಾಪಾರಿಯ ಒತ್ತಾಯಕ್ಕೆ ಜೇನನ್ನೆಲ್ಲ ಮಾರಿಬಿಡುತ್ತದೆ. ಗೂಡಿನಲ್ಲಿ ಉಣ್ಣಲು ಏನೂ ಉಳಿಯದ ಹುಳುಗಳು ನೆರೆಯ ಗೂಡಿಗೆ ನುಗ್ಗಿ ದೋಚುತ್ತವೆ. ಇದನ್ನು ಯಾವ ಹಿನ್ನೆಲೆ ದನಿಯೂ ವಿವರಿಸುವುದಿಲ್ಲ, ಆದರೂ ತಿಳಿಯುತ್ತದೆ. ತಂಡ ಮೂರು ವರ್ಷದಲ್ಲಿ 400 ಗಂಟೆಗೂ ಹೆಚ್ಚು ಚಿತ್ರೀಕರಿಸಿತ್ತು. ಪರದೆಗೆ ಬಂದದ್ದು ಒಂದೂವರೆ ಗಂಟೆ. ಆಕೆಯ ತುರ್ಕಿ ಮಾತು ತಂಡಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಸಂಕಲನವನ್ನು ಮೊದಲು ದೃಶ್ಯ ನೋಡಿಯೇ ಕಟ್ಟಿದರು.

ಇನ್ನು ಆ ಸರ್ಕಾರಿ ರೀಲು. 1948ರಲ್ಲಿ ಶುರುವಾದ, ಅದನ್ನು ಮಾಡುತ್ತಿದ್ದ ಸರ್ಕಾರಿ ಸಂಸ್ಥೆ ಫಿಲ್ಮ್ಸ್ ಡಿವಿಷನ್ ಅಣೆಕಟ್ಟೆ ಉದ್ಘಾಟನೆಗಳನ್ನಷ್ಟೇ ತೋರಿಸಲಿಲ್ಲ. ಎಸ್.ಎನ್.ಎಸ್. ಶಾಸ್ತ್ರಿಯವರ 'ಐ ಆಮ್ 20' (1967) ನೋಡಿ. 1947ರ ಆಗಸ್ಟ್ 15ರಂದು ಹುಟ್ಟಿದವರನ್ನು ದೇಶದ ಬೇರೆ ಬೇರೆ ಕಡೆಯಿಂದ ಹುಡುಕಿ ಮಾತಾಡಿಸಿದ, ಸುಮಾರು 20 ನಿಮಿಷದ ಚಿತ್ರ. ಇಲ್ಲಿ ದನಿ ಇಳಿಸುವ ಪರೀಕ್ಷೆ ನಡೆಯದು, ಏಕೆಂದರೆ ಚಿತ್ರವೇ ಮಾತಿನದು. ಇಂಥದ್ದರಲ್ಲಿ ಬೇರೆ ಗುರುತು ಹುಡುಕಬೇಕು: ಎದುರಿಗಿರುವವರು ಯೋಚಿಸುತ್ತ ಮಾತಾಡುತ್ತಿದ್ದಾರೋ, ಕಲಿಸಿಕೊಟ್ಟದ್ದನ್ನು ಒಪ್ಪಿಸುತ್ತಿದ್ದಾರೋ?

ಪ್ರಶ್ನೆ: 8–9ನೇ ತರಗತಿಗೆ ಸಾಕ್ಷ್ಯಚಿತ್ರ ಹಾಕಿದರೆ ಕಾಲು ಗಂಟೆಗೇ ತೂಕಡಿಸುತ್ತಾರೆ. ಇಂಗ್ಲಿಷೂ ಅಡ್ಡಿ. ಇರುವುದು 40 ನಿಮಿಷದ ಪೀರಿಯಡ್. (ಶಿಕ್ಷಕಿ, ಗದಗ)

ಉತ್ತರ: ಬರ್ಟ್ ಹಾನ್‌ಸ್ಟ್ರಾ ಅವರ 'ಗ್ಲಾಸ್' (1958). ನೆದರ್ಲೆಂಡಿನ ಗಾಜಿನ ಕಾರ್ಖಾನೆಯ, ಸುಮಾರು 11 ನಿಮಿಷದ, ವಿವರಣೆಯೇ ಇಲ್ಲದ ಆಸ್ಕರ್ ವಿಜೇತ ಚಿತ್ರ. ಮೊದಲ ಅರ್ಧದಲ್ಲಿ ಕುಶಲಕರ್ಮಿಗಳು ಕೊಳವೆಗೆ ಗಲ್ಲ ಉಬ್ಬಿಸಿ ಊದಿ ಹೂದಾನಿ ಮಾಡುತ್ತಾರೆ, ಜೊತೆಗೆ ಜಾಝ್ ವಾದ್ಯ. ಆಮೇಲೆ ಯಂತ್ರ ಸಾಲಾಗಿ ಬಾಟಲಿ ಉಗುಳತೊಡಗುತ್ತದೆ. ಕುತ್ತಿಗೆ ಮುರಿದ ಒಂದು ಬಾಟಲಿ ಹಿಡಿಕೆಯಲ್ಲೇ ಸಿಕ್ಕಿಕೊಂಡು ಹಿಂದಿನವೆಲ್ಲ ಉರುಳಿ ಒಡೆಯುತ್ತವೆ. ಯಂತ್ರಕ್ಕೆ ಮಾತ್ರ ಅದರ ಪರಿವೆಯಿಲ್ಲ. ಮನುಷ್ಯನ ಕೈ ಬಂದು ಸರಿಪಡಿಸಬೇಕು.

ಎರಡು ಸಲ ತೋರಿಸಿ. ಮೊದಲ ಸಲ ಮುನ್ನುಡಿ ಬೇಡ. ಎರಡನೆಯ ಸಲ ತರಗತಿಯನ್ನು ಮೂರು ಗುಂಪು ಮಾಡಿ: ಒಂದು ಗುಂಪು ಕೈಗಳನ್ನು ಮಾತ್ರ ನೋಡಲಿ, ಒಂದು ಸಂಗೀತ ಬದಲಾಗುವ ಜಾಗಗಳನ್ನು ಬರೆದುಕೊಳ್ಳಲಿ, ಇನ್ನೊಂದು ಬಾಟಲಿ ಒಡೆಯುವ ಮುಂಚೆ ಏನೇನು ಕಂಡಿತೆಂದು ಕ್ರಮವಾಗಿ ಪಟ್ಟಿ ಮಾಡಲಿ. 22 ನಿಮಿಷ ಚಿತ್ರಕ್ಕೆ ಹೋದರೂ ಮಾತಿಗೆ ಕಾಲು ಗಂಟೆ ಉಳಿಯುತ್ತದೆ. ಕೊನೆಗೆ 'ಇದರಿಂದ ಕಲಿತ ನೀತಿ ಏನು' ಎಂದು ಮಾತ್ರ ಕೇಳಬೇಡಿ. ಮುಂದಿನ ಸಲ ಅವರು ಚಿತ್ರ ಬಿಟ್ಟು ಆ ಉತ್ತರವನ್ನೇ ಹುಡುಕುತ್ತಾರೆ.

ಪ್ರಶ್ನೆ: ನಮ್ಮೂರ ಅಭಯಾರಣ್ಯದ ಚಿಗರಿ ಓಡೂದು ನೂರು ಮಾರು ದೂರದಿಂದ ನೋಡಿದ್ರ ಏನೂ ಕೇಳಂಗಿಲ್ಲ. ವನ್ಯಜೀವಿ ಚಿತ್ರದಾಗ ಗೊರಸಿನ ಸಪ್ಪಳ ಕಿವ್ಯಾಗ ಬಡದಂಗ ಕೇಳತೈತಿ. ಖರೇನ ಏನ್ರಿ ಅದು? (ರಾಣೆಬೆನ್ನೂರು)

ಉತ್ತರ: ಬಹುಪಾಲು ಖರೆ ಅಲ್ಲ. ಲೆನ್ಸ್ ದೂರದ್ದನ್ನು ಹತ್ತಿರ ಎಳೆದಷ್ಟು ಸಲೀಸಾಗಿ ಮೈಕ್ ಎಳೆಯಲಾರದು. ನಿಧಾನಗತಿಯ ದೃಶ್ಯದಲ್ಲಂತೂ ನಿಜವಾದ ದನಿಗೆ ಜಾಗವೇ ಇಲ್ಲ: ಸೆಕೆಂಡಿಗೆ 240 ಫ್ರೇಮ್ ಚಿತ್ರೀಕರಿಸಿ 24ರಲ್ಲಿ ತೋರಿಸಿದರೆ ಓಟ ಹತ್ತು ಪಟ್ಟು ನಿಧಾನವಾಗುತ್ತದೆ, ದನಿಯನ್ನೂ ಹಾಗೆ ಎಳೆದರೆ ಬರೀ ಗೊರಗೊರ. ಆದ್ದರಿಂದ ಸ್ಟುಡಿಯೋದಲ್ಲಿ ಚಿತ್ರ ನೋಡುತ್ತ ಸಪ್ಪಳ ಮಾಡಿ ಕೂಡಿಸುತ್ತಾರೆ. ಹಿಮದ ಮೇಲಿನ ಹೆಜ್ಜೆ ಸಪ್ಪಳ ಎಷ್ಟೋ ಸಲ ಬಟ್ಟೆಚೀಲದಲ್ಲಿ ತುಂಬಿದ ಕಸ್ಟರ್ಡ್ ಪುಡಿಯದು.

ಇದನ್ನು ಮೋಸ ಎನ್ನಲು ನಮಗೆ ಮನಸ್ಸಿಲ್ಲ. ಪ್ರಾಣಿಯ ನಡತೆ ಅದರಿಂದ ಬದಲಾಗುವುದಿಲ್ಲ. ಮೋಸ ಎಂದರೆ ಡಿಸ್ನಿಯ 'ವೈಟ್ ವೈಲ್ಡರ್‌ನೆಸ್' (1958). ಲೆಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳು ಸಾಮೂಹಿಕವಾಗಿ ನೀರಿಗೆ ಹಾರುತ್ತವೆ ಎಂದು ಅದು ತೋರಿಸಿತು. ಅವನ್ನು ಬೇರೆಡೆಯಿಂದ ತಂದು, ತಿರುಗುವ ಹಲಗೆಯ ಮೇಲಿಟ್ಟು ದಂಡು ಎನಿಸುವಂತೆ ಮಾಡಿ, ದಂಡೆಯಿಂದ ತಳ್ಳಿದ್ದನ್ನು 1982ರಲ್ಲಿ ಕೆನಡಾದ ಸಿಬಿಸಿ ವಾಹಿನಿ ಬಯಲಿಗೆಳೆಯಿತು. ಅಷ್ಟರಲ್ಲಿ ಚಿತ್ರಕ್ಕೆ ಆಸ್ಕರ್ ಬಂದು ಎರಡು ದಶಕ ಕಳೆದಿತ್ತು, ಸುಳ್ಳು ಜಗತ್ತಿಗೆಲ್ಲ ಹಬ್ಬಿತ್ತು.

ನಡುವಿನದೂ ಒಂದಿದೆ. ರಾಬರ್ಟ್ ಫ್ಲಾಹರ್ಟಿಯವರ 'ನಾನೂಕ್ ಆಫ್ ದಿ ನಾರ್ತ್' (1922) ಚಿತ್ರದಲ್ಲಿ ಹಿಮಮನೆಯ ಒಂದು ಬದಿಯನ್ನೇ ತೆರೆದಿಟ್ಟಿದ್ದರು, ಬೆಳಕು ಸಾಲುತ್ತಿರಲಿಲ್ಲ. ಅದು ಸರಿ. ಆದರೆ ಅಷ್ಟೊತ್ತಿಗೆ ಬಂದೂಕು ಬಳಸುತ್ತಿದ್ದ ಕೆನಡಾದ ಹಿಮಸೀಮೆಯ ಇನ್ಯೂಟ್ ಜನರ ಕೈಗೆ ಈಟಿ ಕೊಟ್ಟು ಬೇಟೆಯಾಡಿಸಿದ್ದು? ಅಲ್ಲಿ ಕ್ಯಾಮೆರಾದ ಕಷ್ಟ ಕಾಣುವುದಿಲ್ಲ, ನಿರ್ದೇಶಕನ ಆಸೆ ಕಾಣುತ್ತದೆ.

ಪ್ರಶ್ನೆ: ಗಾಯಕರ ಕುರಿತ ಚಿತ್ರಗಳಲ್ಲಿ ರಾಗ ಕುದುರುವಷ್ಟರಲ್ಲಿ ಕತ್ತರಿಸಿ ಯಾರದೋ ಹೊಗಳಿಕೆ ತುರುಕುತ್ತಾರೆ. ಕೇಳುಗರಿಗಾಗಿ ಮಾಡಿದ ಒಂದಾದರೂ ಇದೆಯೇ? (ಧಾರವಾಡ)

ಉತ್ತರ: ನಿಮ್ಮ ಸಿಟ್ಟಿಗೆ ಲೆಕ್ಕದ ಆಧಾರವೂ ಇದೆ. ಅತಿ ವಿಲಂಬಿತ, ಅಂದರೆ ತೀರ ನಿಧಾನದ, ಏಕತಾಳದಲ್ಲಿ 12 ಮಾತ್ರೆಯ ಒಂದೇ ಆವರ್ತನಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತದೆ. ಅರ್ಧ ನಿಮಿಷದ ತುಣುಕಿನಲ್ಲಿ ಸಮ್ಮಿಗೆ (ತಾಳದ ಮೊದಲ ಮಾತ್ರೆಗೆ) ಮರಳಿ ಬರುವ ಸುಖವೇ ಇಲ್ಲ. ಹಳೆಯ ಚಿತ್ರಗಳಿಗೆ ಒಂದು ರಿಯಾಯಿತಿ ಕೊಡಿ: 400 ಅಡಿಯ 16 ಎಂ.ಎಂ. ರೀಲು 11 ನಿಮಿಷಕ್ಕೆ ಮುಗಿಯುತ್ತಿತ್ತು. ರಾಗ ನಡೆಯುತ್ತಿರುವಾಗಲೇ ರೀಲು ಬದಲಿಸಬೇಕಿತ್ತು. ಬೇರೆ ದಿನದ ಚಿತ್ರಕ್ಕೆ ಬೇರೆ ಕಛೇರಿಯ ದನಿ ಅಂಟಿಸಿದ್ದಾರೋ ಎಂದು ತಿಳಿಯಲು ಗಾಯಕರ ಮುಖ ಬಿಟ್ಟು ತಬಲಜಿಯ ಎಡಗೈ ನೋಡಿ. ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ.

ನಮ್ಮ ಆಯ್ಕೆ ಮಣಿ ಕೌಲ್ ಅವರ 'ಧ್ರುಪದ್' (1982). ಧ್ರುಪದ್ ಎಂಬ ಹಳೆಯ ಹಿಂದುಸ್ತಾನಿ ಶೈಲಿಯ ಡಾಗರ್ ಸೋದರರ ಆಲಾಪಕ್ಕೆ ತಕ್ಕ ಉದ್ದುದ್ದ ಶಾಟ್‌ಗಳು, ಅವಸರವಿರುವವರಿಗೆ ಅಲ್ಲ. ನಂದನ್ ಕುಧ್ಯಾಡಿಯವರ 'ರಸಯಾತ್ರಾ' ನಿಮ್ಮ ಊರಿನ ಮಲ್ಲಿಕಾರ್ಜುನ ಮನಸೂರರದೇ ಚಿತ್ರ. ಗದಗ ಸೀಮೆಯ ಭೀಮಸೇನ ಜೋಶಿಯವರ ಮೇಲೆ ಗುಲ್ಜಾರ್ ಮಾಡಿದ್ದೂ ಇದೆ. ಸತ್ಯಜಿತ್ ರೇ ಅವರ 'ಬಾಲಾ' (1976) ಚಿತ್ರದಲ್ಲಿ ಭರತನಾಟ್ಯ ಕಲಾವಿದೆ ಬಾಲಸರಸ್ವತಿ ಕಡಲ ದಂಡೆಯಲ್ಲಿ 'ಕೃಷ್ಣಾ ನೀ ಬೇಗನೆ ಬಾರೋ' ಅಭಿನಯಿಸುತ್ತಾರೆ. ವ್ಯಾಸರಾಯರ ಕನ್ನಡ ಪದವದು. ಗಾಳಿಗೆ ಸೆರಗು ಹಾರಾಡಿ ಕೈಮುದ್ರೆಗೆ ಅಡ್ಡ ಬರುತ್ತದೆ, ರೇ ಅವರಂಥವರೂ ಜಾಗ ಆರಿಸುವಲ್ಲಿ ಎಡವಿದರು ಅನಿಸುತ್ತದೆ. ಮುಖ ಮಾತ್ರ ಎಲ್ಲವನ್ನೂ ಗೆಲ್ಲುತ್ತದೆ.

ಪ್ರಶ್ನೆ: ಊರ ಗ್ರಂಥಾಲಯದ ಹಾಲಿನಲ್ಲಿ ತಿಂಗಳಿಗೊಂದು ಚಿತ್ರ ತೋರಿಸಬೇಕೆಂದಿದ್ದೇವೆ. ಐವತ್ತು ಜನ ಬರಬಹುದು. ಏನೇನು ಬೇಕು? (ನವಲಗುಂದ)

ಉತ್ತರ: ಪರದೆ 8 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರ ಸಾಕು. ಹಿಂದಿನ ಸಾಲು ಪರದೆ ಎತ್ತರದ ಆರು ಪಟ್ಟು, ಅಂದರೆ 27 ಅಡಿ ದಾಟಬಾರದು. ದಾಟಿದರೆ ಸಬ್‌ಟೈಟಲ್ ಓದಲಾಗದು. ಜನ ನೆಲದ ಮೇಲೆ ಕೂತರೆ ಪರದೆಯ ಕೆಳಅಂಚು ನೆಲದಿಂದ 4 ಅಡಿ ಮೇಲಿರಲಿ. ಸಬ್‌ಟೈಟಲ್ ಕೆಳಗೇ ಬರುತ್ತದೆ, ಮುಂದಿನವರ ತಲೆಗೆ ಮೊದಲು ಬಲಿಯಾಗುವುದೂ ಅದೇ. ಪ್ರೊಜೆಕ್ಟರಿನ ಥ್ರೋ ರೇಶಿಯೋ (ಪರದೆಯ ಅಗಲದ ಎಷ್ಟು ಪಟ್ಟು ದೂರ ಇಡಬೇಕೆಂಬ ಲೆಕ್ಕ) 1.5 ಇದ್ದರೆ ಅದನ್ನು ಪರದೆಯಿಂದ 12 ಅಡಿ ದೂರ ಇಡಬೇಕು. ಬೆಳಕು 3000 ಆನ್ಸಿ ಲುಮೆನ್ (ಗೊತ್ತಾದ ಮಾನದಂಡದಂತೆ ಅಳೆದ ಬೆಳಕು) ಇರಲಿ. ಡಬ್ಬಿಯ ಮೇಲೆ ಬರೀ '9000 ಲುಮೆನ್' ಎಂದು ಬರೆದು 'ಆನ್ಸಿ' ಅನ್ನದ ಅಗ್ಗದ ಮಾಲನ್ನು ನಂಬಬೇಡಿ. ಫ್ಲೆಕ್ಸ್ ಬ್ಯಾನರಿನ ಹಿಂಬದಿ ಹೊಳೆದು ನಡುವೆ ಬಿಳಿ ಚುಕ್ಕೆ ಕಾಣುತ್ತದೆ. ಒಂಟಿ ಧೋತರದಲ್ಲಿ ಬೆಳಕು ಆಚೆ ಹಾಯುತ್ತದೆ. ಹೊಳಪಿಲ್ಲದ ಬಿಳಿ ಬಣ್ಣದ ಗೋಡೆ ಇವೆರಡಕ್ಕಿಂತ ಮೇಲು.

ಪ್ರದರ್ಶನಗಳು ಕೆಡುವುದು ಹೆಚ್ಚಾಗಿ ದನಿಯಿಂದ. ಸಿಮೆಂಟ್ ಹಾಲಿನಲ್ಲಿ ಮಾತು ಗೋಡೆಗೆ ಬಡಿದು ಒಂದರ ಮೇಲೊಂದು ಬೀಳುತ್ತದೆ. ನಿಮ್ಮೂರ ಜಮಖಾನಗಳೇ ಇದಕ್ಕೆ ಔಷಧ: ನೆಲಕ್ಕೆ ಹಾಸಿ, ಎರಡನ್ನು ಹಿಂಗೋಡೆಗೆ ತೂಗುಹಾಕಿ. ಸ್ಪೀಕರನ್ನು ಪರದೆಯ ಪಕ್ಕದಲ್ಲಿ, ಐದಾರು ಅಡಿ ಎತ್ತರದಲ್ಲಿಡಿ. ಬ್ಲೂಟೂತ್ ಬೇಡ, ದನಿ ತಡವಾಗಿ ತುಟಿಗೆ ಹೊಂದುವುದಿಲ್ಲ, ವೈರ್ ಎಳೆಯಿರಿ. 'ಗುಂಯ್' ಅಂದರೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ದೀಪದ ಪ್ರೊಜೆಕ್ಟರಾದರೆ ಯುಪಿಎಸ್ ಬೇಕೇ ಬೇಕು: ಕರೆಂಟ್ ಹೋದಾಗ ಫ್ಯಾನ್ ನಿಂತು ದೀಪ ಕಾದು ಕೆಡುತ್ತದೆ.

ಕನ್ನಡ ಸಬ್‌ಟೈಟಲ್ ನೀವೇ ಮಾಡುವುದಾದರೆ ಎರಡು ಸಾಲು ಮೀರಬೇಡಿ, ತುಂಬಿದ ಎರಡು ಸಾಲಿಗೆ ಆರು ಸೆಕೆಂಡ್ ಕೊಡಿ. ಫೈಲನ್ನು ಕನ್ನಡ ಅಕ್ಷರ ಕೆಡದಂತೆ ಕಾಯುವ ಯುಟಿಎಫ್-8 ಎನ್‌ಕೋಡಿಂಗಿನಲ್ಲಿ ಉಳಿಸಿ, ಚಿತ್ರದ ಫೈಲಿನ ಹೆಸರನ್ನೇ ಇಟ್ಟು ಅದೇ ಫೋಲ್ಡರಿನಲ್ಲಿಡಿ. ಅಕ್ಷರದ ಬದಲು ಚೌಕ ಕಂಡರೆ ಪ್ಲೇಯರಿನಲ್ಲಿ ಕನ್ನಡ ಫಾಂಟ್ ಆರಿಸಿ.

ಪ್ರಶ್ನೆ: ಓಟಿಟಿ ಚಂದಾ ಕಟ್ಟೇವ್ರಿ. ಅದನ್ನ ಸಂಘದಾಗ ಎಲ್ಲಾರಿಗೂ ತೋರಿಸಬಹುದೇನು? (ಹಾವೇರಿ)

ಉತ್ತರ: ಇಲ್ರಿ. ಆ ಚಂದಾ ನಿಮ್ಮ ಮನೆಯ ಮಟ್ಟಿಗೆ. ಚಿತ್ರದ ನಿರ್ಮಾಪಕರಿಗೋ ನಿರ್ದೇಶಕರಿಗೋ ದಿನಾಂಕ, ಜಾಗ, ಬರುವ ಜನರ ಅಂದಾಜು, ಟಿಕೆಟ್ ಇದೆಯೋ ಇಲ್ಲವೋ ಎಂಬುದನ್ನು ಬರೆದು ಅನುಮತಿ ಕೇಳಿ. ಸಣ್ಣ ಸಂಘಗಳಿಗೆ ಕಡಿಮೆ ಶುಲ್ಕಕ್ಕೆ, ಕೆಲವೊಮ್ಮೆ ಪುಕ್ಕಟೆಯಾಗಿ ಒಪ್ಪುವವರು ಇದ್ದಾರೆ. ಒಪ್ಪಿದರೆ ಫೈಲನ್ನೇ ಕಳಿಸಲು ಹೇಳಿ, ಹಿಂದಿನ ದಿನ ಅದೇ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಓಡಿಸಿ ನೋಡಿ.